ಜೀನುಗಳ ಪಟ್ಟಿ ಜ್ಞಾನವಲ್ಲ

"ಮಲೇರಿಯಾವನ್ನು ತಡೆಯುವ ಜೀನು ಪತ್ತೆ!" ಎಂಬ ತಲೆಬರಹ ನಮ್ಮ ಪತ್ರಿಕೆಗಳ ಒಳಪುಟಗಳಲ್ಲಿ ಆಗಾಗ ಕಾಣಿಸಿಕೊಳ್ಳುತ್ತದೆ. ಬೆಳಗಿನ ಕಾಫಿಯೊಡನೆ ಅದನ್ನು ಓದಿದ ಸದ್ಗೃಹಸ್ಥರು ಎರಡು ಪಂಗಡವಾಗುತ್ತಾರೆ. ಬರುವ ವರ್ಷವೇ ಅಂಗಡಿಯಲ್ಲಿ ಅದರ ಗುಳಿಗೆ ಸಿಕ್ಕೀತೆಂದು ಒಂದು ಪಂಗಡ ನಂಬುತ್ತದೆ. ಇನ್ನೊಂದು, "ಎಲ್ಲವೂ ಹುಟ್ಟುವಾಗಲೇ ಬರೆದಿಟ್ಟದ್ದಂತೆ" ಎಂದು ಹಣೆಬರಹದ ಹಳೆಯ ನಂಬಿಕೆಗೆ ವಿಜ್ಞಾನದ ಮೊಹರು ಒತ್ತಿಸಿಕೊಂಡು ಸಮಾಧಾನ ಪಡೆಯುತ್ತದೆ. ಎರಡು ಪಂಗಡಕ್ಕೂ ಮೋಸವಾಗಿದೆ. ಮೋಸ ಮಾಡಿದವನು ಸುದ್ದಿಗಾರನೊಬ್ಬನೇ ಎನ್ನುವಂತಿಲ್ಲ; ಅವನ ಕೈಗೆ ಅತ್ಯುತ್ಸಾಹದ ಪ್ರಕಟಣೆ ಕೊಟ್ಟು ಕಳುಹಿಸಿದ ವಿದ್ವಾಂಸರಿಗೂ ಅದರಲ್ಲಿ ಪಾಲುಂಟು. ಈ ಲೇಖನ ಆ ವಿದ್ವಾಂಸರ ಮೇಲಿನ ದೂರು. ಅವರ ಕೆಲಸವೇ ದಂಡ ಎನ್ನುವವರ ಮೇಲೆ ನನ್ನ ದೂರು ಇನ್ನೂ ದೊಡ್ಡದು. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಪದದ ಗೊಂದಲವನ್ನು ಬಿಡಿಸಿಕೊಳ್ಳಬೇಕು. ಜೀನು ಬೇರೆ, ಜೀನಿನ ಅಭಿವ್ಯಕ್ತಿ ಬೇರೆ. ತಂದೆತಾಯಿಗಳಿಂದ ಬಂದ ಜೀನು ಮಲೇರಿಯಾಕ್ಕೆ ಅಡ್ಡ ನಿಲ್ಲುವುದುಂಟು. ಕುಡಗೋಲು ಕಣದ ಜೀನನ್ನು ತಂದೆ ಅಥವಾ ತಾಯಿ ಒಬ್ಬರಿಂದ ಮಾತ್ರ ಪಡೆದ ಮಕ್ಕಳಿಗೆ ಮಲೇರಿಯಾದಿಂದ ರಕ್ಷಣೆ ಇದೆಯೆಂದು ಆಂಟನಿ ಆಲಿಸನ್ ಪೂರ್ವ ಆಫ್ರಿಕದಲ್ಲಿ ಕೆಲಸ ಮಾಡಿ 1954ರಲ್ಲಿ ತೋರಿಸಿದರು. ಅದು ಹುಟ್ಟಿನ ಮಾತು. ಈಚಿನ ಸುದ್ದಿಗಳಲ್ಲಿ ಹಲವು ಹುಟ್ಟಿಗೆ ಸಂಬಂಧಿಸಿದವೇ ಅಲ್ಲ. ದೊಡ್ಡ ಮನೆಯ ಉಗ್ರಾಣದಲ್ಲಿ ಅಕ್ಕಿ, ಬೇಳೆ, ಬೆಲ್ಲ, ಮೆಣಸು, ಶುಂಠಿ ಎಲ್ಲವೂ ಸದಾ ಇರುತ್ತವೆ. ಇವೆ ಎಂಬಷ್ಟರಿಂದ ಆ ಮನೆಯಲ್ಲಿ ಇಂದೇನು ನಡೆದಿದೆ ಎಂದು ತಿಳಿಯದು. ಶುಂಠಿ, ಮೆಣಸು ಹೊರಗೆ ಬಂದಿದ್ದರೆ ಯಾರಿಗೋ ನೆಗಡಿ. ಬೆಲ್ಲ, ಕಡಲೆಬೇಳೆ ಸೇರುಗಟ್ಟಲೆ ಹೊರಬಿದ್ದಿದ್ದರೆ ಹೋಳಿಗೆ, ಎಂದರೆ ಹಬ್ಬವೋ ಬೀಗರೋ ಬಂದಿದ್ದಾರೆ. ಮನುಷ್ಯನಲ್ಲಿ ಪ್ರೋಟೀನುಗಳಿಗೆ ಮೂಲವಾದ ಜೀನುಗಳು ಸುಮಾರು 20,000. ಕಣ್ಣಿನ ಕೋಶದಲ್ಲೂ ಕರುಳಿನ ಕೋಶದಲ್ಲೂ ಅವೇ. ಒಂದು ಗಳಿಗೆಯಲ್ಲಿ ಯಾವ ಜೀನಿನಿಂದ ಎಷ್ಟು ನಕಲು ಹೊರಬಿದ್ದಿದೆ ಎಂಬುದೇ ಅಭಿವ್ಯಕ್ತಿ; ಆ ನಕಲಿಗೆ ಆರ್.ಎನ್.ಎ. ಎಂದು ಹೆಸರು. ಕೊಂಚ ರಕ್ತ ತೆಗೆದು, ಅದರ ಬಿಳಿಯ ಕಣಗಳಲ್ಲಿರುವ ಆರ್.ಎನ್.ಎ. ಎಷ್ಟೆಷ್ಟೆಂದು ಎಣಿಸಿದರೆ, ಜ್ವರದ ಎದುರು ದೇಹ ಆ ದಿನ ಉಗ್ರಾಣದಿಂದ ಏನೇನು ತೆಗೆಸಿತು ಎಂದು ಊಹಿಸಬಹುದು.

ವಿಧಾನ ಸೊಗಸಾದದ್ದೇ. ಮಲೇರಿಯಾದ ಮಟ್ಟಿಗೆ ಇನ್ನೊಂದು ಸೊಗಸೂ ಇದೆ. ಫಾಲ್ಸಿಪಾರಮ್ ಎಂಬ ಮಾರಕ ಜಾತಿಯ ರೋಗಾಣುವಿನ ಜೀನುಗಳ ಪೂರ್ಣ ಲಿಪಿಯನ್ನು 2002ರಲ್ಲಿ ಓದಿ ಮುಗಿಸಿದರು: 14 ವರ್ಣತಂತುಗಳು, ಸುಮಾರು 5,300 ಜೀನುಗಳು. ಆದ್ದರಿಂದ ಈಗ ಒಂದೇ ಶೀಶೆಯ ರಕ್ತದಲ್ಲಿ ಮನುಷ್ಯನ ಮಾತನ್ನೂ ರೋಗಾಣುವಿನ ಮಾತನ್ನೂ ಒಟ್ಟಿಗೆ ಕೇಳಬಹುದು. ಜಗಳಕ್ಕೆ ನಿಂತ ಇಬ್ಬರ ಮಾತನ್ನೂ ಕೇಳುವ ಸೌಕರ್ಯ ನ್ಯಾಯಾಧೀಶರಿಗೂ ಎಲ್ಲ ಸಲ ಸಿಕ್ಕುವುದಿಲ್ಲ.

ಹಾಗಿದ್ದ ಮೇಲೆ ದೂರೇನು? ಕೇಳಿದ್ದನ್ನೆಲ್ಲ ಅರ್ಥ ಮಾಡಿಕೊಂಡೆವೆಂದು ಹೇಳಿಕೊಳ್ಳುವುದೇ ದೂರು.

ಸಂತೆಗೆ ಹೋದವರಿಗೆ ಗೊತ್ತು. ಊರಾಚೆ ನಿಂತು ಕೇಳಿದರೆ ಒಂದೇ ಗದ್ದಲ. ಕಳೆದ ವಾರಕ್ಕಿಂತ ಈ ವಾರ ಈರುಳ್ಳಿ ಮಾರುವವರ ಕೂಗು ಹೆಚ್ಚಾಗಿ ಕೇಳಿದರೆ, ಅದೇ ಮಾರಾಟಗಾರರು ಗಂಟಲು ಹರಿದುಕೊಂಡರೋ ಅಥವಾ ಈರುಳ್ಳಿಯ ಗಾಡಿಗಳೇ ಹೆಚ್ಚಾಗಿ ಬಂದವೋ? ದೂರದಿಂದ ಹೇಳುವುದು ಸಾಧ್ಯವಿಲ್ಲ. ರಕ್ತವೂ ಒಂದು ಸಂತೆ. ಮಲೇರಿಯಾ ಬಂದಾಗ ರಕ್ತದಲ್ಲಿ ಓಡಾಡುವ ಲಿಂಫೋಸೈಟುಗಳೆಂಬ ಬಿಳಿಯ ಕಣಗಳ ಸಂಖ್ಯೆ ಇಳಿಯುತ್ತದೆ. ಆಗ ಆ ಕಣಗಳಿಗೆ ಸೇರಿದ ಜೀನುಗಳೆಲ್ಲ "ಅಡಗಿದವು" ಎಂದು ಯಂತ್ರ ತೋರಿಸುತ್ತದೆ. ಒಂದು ಜೀನೂ ಅಡಗಿಲ್ಲ. ಕೂಗುವವರು ಸಂತೆ ಬಿಟ್ಟು ಹೋಗಿದ್ದಾರೆ, ಅಷ್ಟೆ. ಯಾವ ಕಣ ಎಷ್ಟಿತ್ತೆಂದು ಎಣಿಸದೆ ಜೀನುಗಳ ಏರಿಳಿತದ ಪಟ್ಟಿ ಪ್ರಕಟಿಸುವವರು ಸಂತೆಯ ಗದ್ದಲವನ್ನು ಮಾರುಕಟ್ಟೆಯ ಧಾರಣೆಯೆಂದು ಅಚ್ಚು ಹಾಕಿಸುತ್ತಾರೆ.

ಇದು ಹೊರಗಿನವನ ಕೊಂಕು ಎಂದುಕೊಳ್ಳಬೇಡಿ. ಗ್ಯಾಂಬಿಯಾ ದೇಶದ 46 ಮಲೇರಿಯಾ ಪೀಡಿತ ಮಕ್ಕಳ ರಕ್ತದಲ್ಲಿ ಮನುಷ್ಯನ ಮತ್ತು ರೋಗಾಣುವಿನ ಆರ್.ಎನ್.ಎ.ಗಳೆರಡನ್ನೂ ಓದಿದ ಒಂದು ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಪ್ರಾಣಾಪಾಯದ ಮಲೇರಿಯಾ ಬಂದ ಮಕ್ಕಳಿಗೂ ಸಾಧಾರಣ ಜ್ವರ ಬಂದ ಮಕ್ಕಳಿಗೂ ನೂರಾರು ಜೀನುಗಳಲ್ಲಿ ವ್ಯತ್ಯಾಸ ಕಂಡಿತು. ಬೇರೆಯವರಾದರೆ ಅಲ್ಲಿಗೇ ನಿಲ್ಲಿಸಿ ಸುದ್ದಿಗಾರರನ್ನು ಕರೆಯುತ್ತಿದ್ದರು. ಇವರು ಹಾಗೆ ಮಾಡದೆ, ಬಿಳಿಯ ಕಣಗಳ ಪ್ರಮಾಣವನ್ನು ಲೆಕ್ಕಕ್ಕೆ ಹಿಡಿದು, ಮಗುವಿನ ಇಡೀ ದೇಹದಲ್ಲಿ ಇದ್ದ ರೋಗಾಣುಗಳ ಹೊರೆಯನ್ನೂ ಅಂದಾಜು ಮಾಡಿದರು. ಆಗ ತಿಳಿದದ್ದು: ಮನುಷ್ಯನ ಜೀನುಗಳಲ್ಲಿ ಕಂಡ ವ್ಯತ್ಯಾಸದಲ್ಲಿ ನೂರಕ್ಕೆ 99ರವರೆಗಿನ ಪಾಲು ಆ ಹೊರೆಯ ಹೆಚ್ಚುಕಡಿಮೆಯಿಂದ ಆದದ್ದು. ಹೆಚ್ಚು ರೋಗಾಣು ಇದ್ದ ಮಗುವಿನ ರಕ್ತ ಹೆಚ್ಚು ಕೂಗಿತು. ಹಾಗಾದರೆ ಹೊರೆಯನ್ನು ಅಳೆಯದೆ ತಯಾರಿಸಿದ "ಕಠಿಣ ಮಲೇರಿಯಾದ ಜೀನುಗಳ" ಪಟ್ಟಿಗಳಿಗೆ ಏನು ಬೆಲೆ ಕಟ್ಟೋಣ? ಸೂಕ್ಷ್ಮದರ್ಶಕದ ಕೆಳಗೆ ಗಾಜಿನ ತುಂಡಿಟ್ಟು ರೋಗಾಣುಗಳನ್ನು ಎಣಿಸುವ ತಾಲ್ಲೂಕು ಆಸ್ಪತ್ರೆಯ ತಂತ್ರಜ್ಞ ಆ ವಿಷಯದ ಅರ್ಧವನ್ನು ಕೆಲವೇ ರೂಪಾಯಿ ಖರ್ಚಿನಲ್ಲಿ ಹೇಳಿಬಿಡುತ್ತಾನೆ.

ಅರ್ಧವೆಂದೆ, ಏಕೆಂದರೆ ಬೆರಳು ಚುಚ್ಚಿ ತೆಗೆದ ರಕ್ತದಲ್ಲಿ ಪೂರ್ತಿ ಲೆಕ್ಕ ಸಿಕ್ಕುವುದಿಲ್ಲ. ಫಾಲ್ಸಿಪಾರಮ್ ಹೊಕ್ಕ ಕೆಂಪು ಕಣಗಳು ಬಲಿತ ಮೇಲೆ ಮಿದುಳಿನ ಮತ್ತಿತರ ಅಂಗಗಳ ಸಣ್ಣ ನಾಳಗಳ ಗೋಡೆಗೆ ಅಂಟಿಕೊಂಡು ಅಲ್ಲೇ ಕುಳಿತುಬಿಡುತ್ತವೆ. ತೋಳಿನ ನರದಿಂದ ರಕ್ತ ಎಳೆದರೆ ಅವು ಬರುವುದಿಲ್ಲ. ಕಾಳಗ ನಡೆಯುವುದು ಗುಲ್ಮದಲ್ಲಿ, ಮೂಳೆಯ ಮಜ್ಜೆಯಲ್ಲಿ. ನಮ್ಮ ಮಲೆನಾಡಿನವರು ಈ ವಿಷಯದಲ್ಲಿ ಎಷ್ಟೋ ಮುಂದಿದ್ದರು. ಚಳಿಜ್ವರ ಹಿಡಿದವನ ಹೊಟ್ಟೆಯ ಎಡಗಡೆಗೆ ಊದಿಕೊಳ್ಳುತ್ತಿದ್ದ ಗುಲ್ಮವನ್ನು "ಜ್ವರಗಡ್ಡೆ" ಎಂದು ಕರೆದು ರೋಗದ ಮನೆ ಎಲ್ಲಿದೆಯೆಂದು ಬೆರಳಿಟ್ಟು ತೋರಿಸಿದ್ದರು. ಶೀಶೆಯ ರಕ್ತ ಆ ಮನೆಯ ಕಿಟಕಿಯಿಂದ ಕೇಳಿಬಂದ ಸದ್ದು. ಕಿಟಕಿಯ ಬಳಿ ನಿಂತು ಕೇಳಿದವನು ಒಳಗೆ ಕುಳಿತವನ ಹಾಗೆ ಸಾಕ್ಷಿ ಹೇಳಬಾರದು.

ಇನ್ನು ಗಣಿತದ ಒಂದು ಸಣ್ಣ ವಿಷಯ. ಇಪ್ಪತ್ತರಲ್ಲಿ ಒಂದು ಸಲ ಕಾಕತಾಳೀಯವಾಗಿ ಕಾಣಬಹುದಾದ ವ್ಯತ್ಯಾಸವನ್ನು ನಿಜವೆಂದು ಒಪ್ಪುವ ಪದ್ಧತಿ ಬಹು ಕಾಲದಿಂದ ಇದೆ. ಒಂದು ಪ್ರಶ್ನೆ ಕೇಳುವವನಿಗೆ ಅದು ಸರಿಯಾದೀತು. 20,000 ಜೀನುಗಳ ಬಗ್ಗೆ ಒಟ್ಟಿಗೆ ಕೇಳಿದರೆ ಏನೂ ಇಲ್ಲದಿದ್ದರೂ ಸಾವಿರ ಜೀನುಗಳು ಕೈಯೆತ್ತಿ ನಿಲ್ಲುತ್ತವೆ! ಇದಕ್ಕೆ ತಿದ್ದುಪಡಿಯ ಲೆಕ್ಕಗಳುಂಟು. ಪ್ರಾಮಾಣಿಕರು ಅವನ್ನು ಮಾಡುತ್ತಾರೆ. ಆದರೂ ಇಪ್ಪತ್ತು ಮೂವತ್ತು ರೋಗಿಗಳಿಂದ ಹೊರಟ ಪಟ್ಟಿಯನ್ನು ಬೇರೆ ಊರಿನ ಬೇರೆ ಮಕ್ಕಳಲ್ಲಿ ಮತ್ತೊಮ್ಮೆ ಪರೀಕ್ಷಿಸದೆ "ರೋಗದ ಸಹಿ" ಎಂದು ಹೆಸರಿಟ್ಟು ಕರೆಯುವ ಆತುರ ಹೋಗಿಲ್ಲ. ಸಹಿ ಎಂದರೆ ಎರಡನೆಯ ಸಲ ಹಾಕಿದಾಗಲೂ ಮೊದಲಿನಂತೆಯೇ ಇರಬೇಕು. ಬ್ಯಾಂಕಿನ ಗುಮಾಸ್ತೆಯೂ ಅಷ್ಟು ಕೇಳುತ್ತಾನೆ.

ಎಲ್ಲಕ್ಕಿಂತ ದೊಡ್ಡ ಕೊರತೆ ಬೇರೆ. ಜ್ವರ ಬಂದು ಆಸ್ಪತ್ರೆಗೆ ಬಂದವರ ರಕ್ತ ಸುಲಭವಾಗಿ ಸಿಕ್ಕುತ್ತದೆ. ಅದೇ ಸೊಳ್ಳೆ ಕಚ್ಚಿ, ಅದೇ ರೋಗಾಣು ಒಳಹೊಕ್ಕು, ಜ್ವರ ಬಾರದೆ ಹೊಲಕ್ಕೆ ಹೋದವನ ರಕ್ತ ಯಾರ ಬಳಿ ಇದೆ? ರೋಗನಿರೋಧದ ಗುಟ್ಟು ಇರುವುದು ಅವನಲ್ಲಿ. ಸೋತವರನ್ನಷ್ಟೇ ವಿಚಾರಿಸಿ ಗೆಲ್ಲುವ ಉಪಾಯ ಬರೆಯಲು ಹೊರಟ ಹಾಗಾಯಿತು.

ಈ ಕೊರತೆಯನ್ನು ತುಂಬಿದ ಕೆಲಸ ನಡೆದದ್ದು ಪಶ್ಚಿಮ ಆಫ್ರಿಕದ ಮಾಲಿ ದೇಶದಲ್ಲಿ. ಅಲ್ಲಿ ವರ್ಷದಲ್ಲಿ ಸುಮಾರು ಆರು ತಿಂಗಳು ಮಲೇರಿಯಾದ ಕಾಲ; ಉಳಿದ ಆರು ತಿಂಗಳು ನೆಲ ಒಣಗಿ ಸೊಳ್ಳೆ ಇಲ್ಲವೆನ್ನುವಷ್ಟು ಕಡಿಮೆ. ಕಾಲಿಫಾಬುಗು ಎಂಬ ಹಳ್ಳಿಯಲ್ಲಿ 2011ರ ಮಳೆಗಾಲಕ್ಕೆ ಮೊದಲು ಆರೋಗ್ಯವಾಗಿದ್ದ ಮಕ್ಕಳ ಮತ್ತು ತರುಣರ ರಕ್ತವನ್ನು ತೆಗೆದಿಟ್ಟರು. ಮಳೆ ಬಿತ್ತು. ಹದಿನೈದು ದಿನಕ್ಕೊಮ್ಮೆ ಬೆರಳಿನ ರಕ್ತ ಪರೀಕ್ಷಿಸಿ ರೋಗಾಣು ಯಾರಲ್ಲಿ ಯಾವಾಗ ಹೊಕ್ಕಿತೆಂದು ಗುರುತು ಹಾಕಿಕೊಂಡರು. ಜ್ವರ ಬಂದವರಿಗೆ ಔಷಧ ಕೊಟ್ಟರು. ಕೊನೆಗೆ ತಿಳಿದದ್ದು ಆಶ್ಚರ್ಯಕರ: ರೋಗಾಣು ಹೊಗುವುದು ಸಣ್ಣ ಮಕ್ಕಳಲ್ಲೂ ದೊಡ್ಡವರಲ್ಲೂ ಒಂದೇ ವೇಗದಲ್ಲಿ, ವಯಸ್ಸಾದಂತೆಲ್ಲ ಕಡಿಮೆಯಾಗುವುದು ಜ್ವರ ಮಾತ್ರ. ಅಂದರೆ ವರ್ಷ ವರ್ಷ ಕಚ್ಚಿಸಿಕೊಂಡ ದೇಹ ಶತ್ರುವನ್ನು ಬಾಗಿಲಲ್ಲೇ ತಡೆಯಲು ಕಲಿಯುವುದಿಲ್ಲ, ಒಳಗೆ ಬಂದವನೊಡನೆ ಮನೆ ಸುಟ್ಟುಕೊಳ್ಳದಂತೆ ಇರುವುದನ್ನು ಕಲಿಯುತ್ತದೆ.

ಅದನ್ನು ಹೇಗೆ ಕಲಿಯುತ್ತದೆ ಎಂಬುದಕ್ಕೆ ಜೀನುಗಳ ಅಭಿವ್ಯಕ್ತಿಯ ಅಧ್ಯಯನ ಅಲ್ಲಿ ನಿಜವಾದ ಬೆಳಕು ಕೊಟ್ಟಿತು. ಅದೇ ಮಕ್ಕಳ ರಕ್ತಕಣಗಳನ್ನು ಮಳೆಗಾಲಕ್ಕೆ ಮೊದಲೊಮ್ಮೆ, ಜ್ವರಕ್ಕೆ ಔಷಧ ಕೊಟ್ಟ ಏಳು ದಿನದ ಮೇಲೆ ಇನ್ನೊಮ್ಮೆ ಗಾಜಿನ ಬಟ್ಟಲಿನಲ್ಲಿ ರೋಗಾಣುವಿನ ಎದುರು ನಿಲ್ಲಿಸಿದರು. ಮೊದಲ ಸಲ ಉರಿಯನ್ನೂ ಜ್ವರವನ್ನೂ ಎಬ್ಬಿಸುವ ದ್ರವ್ಯಗಳು ಹೇರಳವಾಗಿ ಹೊರಬಿದ್ದವು. ಎರಡನೆಯ ಸಲ ಅವು ಇಳಿದು, ಉರಿಯನ್ನು ಆರಿಸುವ ದ್ರವ್ಯಗಳು ಏರಿದವು. ಜೊತೆಗೆ ರೋಗಾಣುವನ್ನು ನುಂಗುವ ಸಿದ್ಧತೆಯೂ ಹೆಚ್ಚಿತು. ಮುಂದಿನ ಆರು ತಿಂಗಳ ಒಣಗಾಲ ಕಳೆದ ಮೇಲೆ ನೋಡಿದರೆ ಈ ಕಲಿಕೆಯ ಅಂಶ ಉಳಿದಿದ್ದುದು, ಜ್ವರವಿಲ್ಲದೆ ಒಳಗೇ ರೋಗಾಣುವನ್ನು ಹೊತ್ತಿದ್ದ ಮಕ್ಕಳಲ್ಲಿ ಮಾತ್ರ, ಅದೂ ಸ್ವಲ್ಪಮಟ್ಟಿಗೆ. ಉಳಿದವರು ಪಾಠ ಮರೆತಿದ್ದರು. 2014ರಲ್ಲಿ ಪ್ರಕಟವಾದ ಈ ಸಂಗತಿಯನ್ನು ದಯವಿಟ್ಟು ನೆನಪಿನಲ್ಲಿಡಿ. ಮುಂದೆ ನಮ್ಮ ದೇಶದ ಮಾತು ಬಂದಾಗ ಬೇಕಾಗುತ್ತದೆ.

ಅದೇ ದೇಶದ ಮಕ್ಕಳ ಮೇಲೆ 2019ರಲ್ಲಿ ಇನ್ನೊಂದು ಲೇಖನ ಬಂತು. ರೋಗಾಣು ಹೊಕ್ಕರೂ ಜ್ವರ ಬಾರದ ಮಕ್ಕಳ ರಕ್ತದಲ್ಲಿ, ರೋಗಾಣು ಹೊಗುವುದಕ್ಕೆ ಮೊದಲೇ, ಪಿ53 ಎಂಬ ಪ್ರೋಟೀನಿನ ಚಟುವಟಿಕೆ ಹೆಚ್ಚಿತ್ತು. ಇದು ಅರ್ಬುದ ರೋಗದ ವೈದ್ಯರಿಗೆ ಚಿರಪರಿಚಿತವಾದ ಹೆಸರು.  ಸಂಶೋಧಕರು ಪಟ್ಟಿ ಕೊಟ್ಟು ಕೈತೊಳೆದುಕೊಳ್ಳಲಿಲ್ಲ. ಮಾನೋಸೈಟು ಎಂಬ ಕಣಗಳಲ್ಲಿ ಪಿ53ನ್ನು ಹೆಚ್ಚಿಸಿ, ಉರಿ ಎಬ್ಬಿಸುವ ದ್ರವ್ಯಗಳು ತಗ್ಗುವುದನ್ನು ತೋರಿಸಿದರು. ಹೀಗೆ ಮಾಡಿಯೂ ತಮ್ಮ ವಿಧಾನ ಊಹೆಗಳನ್ನು ಹುಟ್ಟಿಸತಕ್ಕದ್ದು ಎಂದೇ ಬರೆದುಕೊಂಡರು. ವಿನಯ ಮತ್ತು ಕೆಲಸ ಎರಡೂ ಒಟ್ಟಿಗಿದ್ದರೆ ಹೀಗಿರುತ್ತದೆ.

ಇಲ್ಲಿ ಒಂದು ಹೆಸರು ಹೇಳಲೇಬೇಕು. ಇಂಥ ಕೆಲಸಕ್ಕೆ ಬೇಕಾದ ಮಲೇರಿಯಾ ಸಂಶೋಧನಾ ಕೇಂದ್ರವನ್ನು ಬಮಾಕೊ ನಗರದಲ್ಲಿ ಕಟ್ಟಿ ಬೆಳೆಸಿದವರು ಒಗೊಬಾರಾ ಡುಂಬೊ, ಮಾಲಿಯವರೇ, 2018ರಲ್ಲಿ ತೀರಿಕೊಂಡರು. ಅಮೆರಿಕದ ಹಣವೂ ಯಂತ್ರಗಳೂ ಬಂದವು, ನಿಜ. ಆದರೆ ರಕ್ತ ಕೊಡುವ ಊರಿನವರ ಭಾಷೆಯಲ್ಲಿ ಮಾತಾಡಿ, ಆರೋಗ್ಯವಾಗಿರುವ ಮಗುವಿಗೆ ಸೂಜಿ ಚುಚ್ಚಲು ತಾಯಿಯ ಒಪ್ಪಿಗೆ ಪಡೆಯುವುದು ಯಂತ್ರದಿಂದ ಆಗುವ ಕೆಲಸವೇ? ರೊನಾಲ್ಡ್ ರಾಸ್ 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ರೋಗಾಣುವನ್ನು ಕಂಡಾಗ ಆ ಸೊಳ್ಳೆಗಳಿಗೆ ರಕ್ತ ಕೊಟ್ಟವನು ಹುಸೇನ್ ಖಾನ್ ಎಂಬ ರೋಗಿ. ಸೊಳ್ಳೆಗೆ ಒಂದಾಣೆಯಂತೆ ಅವನಿಗೆ ಹಣ ಕೊಟ್ಟರು. ರಾಸ್ ಸಾಹೇಬರಿಗೆ 1902ರಲ್ಲಿ ನೊಬೆಲ್ ಬಹುಮಾನ ಬಂತು. ಆಣೆಯ ಲೆಕ್ಕ ಇಂದಿಗೂ ತೀರಿದೆಯೆಂದು ನನಗನ್ನಿಸುವುದಿಲ್ಲ. ಬಡದೇಶದ ಮಗುವಿನ ರಕ್ತ ಮಂಜುಗಡ್ಡೆಯಲ್ಲಿ ವಿಮಾನವೇರಿ ಹೋಗುತ್ತದೆ. ಹಿಂತಿರುಗಿ ಬರುವುದು ಆ ಊರಿನವರು ಯಾರೂ ಓದದ ಒಂದು ಲೇಖನ.

ಈಗ ಇನ್ನೊಂದು ಕಡೆಯ ವಾದಕ್ಕೆ ಬರೋಣ. "ಈ ಜೀನು ಗೀನು ಶ್ರೀಮಂತರ ವಿನೋದ. ಸೊಳ್ಳೆಪರದೆ ಕೊಡಿ, ಗುಂಡಿ ಮುಚ್ಚಿ, ಮಾತ್ರೆ ನುಂಗಿಸಿ. ಭಾರತದಲ್ಲಿ ಮಲೇರಿಯಾ ಹೇಗೂ ಮುಗಿಯುತ್ತ ಬಂತು" ಎನ್ನುವ ಪ್ರಾಜ್ಞರು ಬಹಳ. ಪರದೆ, ಗುಂಡಿ, ಮಾತ್ರೆ ಮೂರಕ್ಕೂ ನನ್ನ ನಮಸ್ಕಾರ. ವರದಿಯಾದ ಪ್ರಕರಣಗಳು ನಮ್ಮಲ್ಲಿ 2000ದಲ್ಲಿ 20 ಲಕ್ಷ ಇದ್ದದ್ದು 2023ರಲ್ಲಿ ಎರಡೂಕಾಲು ಲಕ್ಷದ ಆಸುಪಾಸಿಗೆ ಇಳಿದದ್ದು ಅವುಗಳಿಂದಲೇ. ಆದರೆ "ಮುಗಿಯುತ್ತ ಬಂತು" ಎಂಬ ಮಾತನ್ನು ಈ ದೇಶ ಹಿಂದೆಯೂ ಒಮ್ಮೆ ಆಡಿದೆ. ಡಿ.ಡಿ.ಟಿ. ಸಿಂಪಡಿಸಿ 1965ರ ಹೊತ್ತಿಗೆ ಪ್ರಕರಣಗಳು ಒಂದು ಲಕ್ಷಕ್ಕೆ ಬಂದಿದ್ದವು. 1976ರಲ್ಲಿ ಅವು 64 ಲಕ್ಷವಾದವು! ಸೊಳ್ಳೆ ಡಿ.ಡಿ.ಟಿ.ಯನ್ನು ಜೀರ್ಣಿಸಿಕೊಂಡಿತ್ತು, ಜನ ಎಚ್ಚರ ತಪ್ಪಿದ್ದರು.

ಮಾಲಿಯ ಮಕ್ಕಳು ಒಂದೇ ಒಣಗಾಲದಲ್ಲಿ ಪಾಠ ಮರೆತದ್ದನ್ನು ಇಲ್ಲಿ ನೆನೆಯಿರಿ. ರೋಗ ದೂರವಾದಷ್ಟೂ ದೇಹ ಅದರೊಡನೆ ಬದುಕುವುದನ್ನು ಮರೆಯುತ್ತದೆ. ಒಡಿಶಾ, ಛತ್ತೀಸ್‌ಗಢಗಳ ಕಾಡುಗಳಲ್ಲಿ ಮನೆಮನೆಗೆ ಹೋಗಿ ಪರೀಕ್ಷಿಸಿದಾಗ ಜ್ವರವಿಲ್ಲದೆ ರೋಗಾಣು ಹೊತ್ತವರು ಸಿಕ್ಕಿದ್ದಾರೆ. ಅವರಿಗೆ ಔಷಧ ಕೊಡುವುದು ಸರಿ, ಕೊಡಲೇಬೇಕು. ಆದರೆ ಅವರ ದೇಹ ಏನನ್ನು ಕಲಿತಿತ್ತು, ರೋಗಾಣು ಹೋದ ಮೇಲೆ ಎಷ್ಟು ದಿನ ಅದನ್ನು ಇಟ್ಟುಕೊಂಡಿತು, ಮತ್ತೆ ಬಂದರೆ ಯಾವ ವಯಸ್ಸಿನವರು ಮೊದಲು ಬೀಳುತ್ತಾರೆ ಎಂಬುದನ್ನು ಈಗ ತಿಳಿದುಕೊಳ್ಳದಿದ್ದರೆ ಇನ್ನಾವಾಗ? ರೋಗ ಪೂರ್ತಿ ಹೋದ ಮೇಲೆ ಕೇಳಿದರೆ ಉತ್ತರ ಹೇಳಲು ರಕ್ತವೇ ಇರುವುದಿಲ್ಲ. ಮತ್ತೆ ಬಂದ ಮೇಲೆ ಕೇಳಲು ಪುರಸೊತ್ತಿರುವುದಿಲ್ಲ. ಮಾತ್ರೆಯ ಮೇಲಿನ ನಂಬಿಕೆಯೂ ಸಡಿಲಾಗುತ್ತಿದೆ. ಆರ್ಟೆಮಿಸಿನಿನ್ ಔಷಧಕ್ಕೆ ರೋಗಾಣು ಜಗ್ಗದಿರುವುದು ಮೊದಲು ಪಶ್ಚಿಮ ಕಾಂಬೋಡಿಯಾದಲ್ಲಿ ಕಂಡಿತು. ಆಮೇಲೆ ರುವಾಂಡಾ, ಉಗಾಂಡಾಗಳಲ್ಲೂ ಕಂಡಿದೆ.

ಲಸಿಕೆಯ ಕಥೆ ಇನ್ನೂ ಸ್ಪಷ್ಟ. ಆರ್.ಟಿ.ಎಸ್.,ಎಸ್. ಎಂಬ ಲಸಿಕೆಯನ್ನು ಆಫ್ರಿಕದ ಏಳು ದೇಶಗಳಲ್ಲಿ 15,459 ಮಕ್ಕಳ ಮೇಲೆ ಪರೀಕ್ಷಿಸಿದರು. ಐದರಿಂದ ಹದಿನೇಳು ತಿಂಗಳ ವಯಸ್ಸಿನ ಮಕ್ಕಳಿಗೆ ನಾಲ್ಕು ಸಲ ಕೊಟ್ಟರೂ ಸುಮಾರು ನಾಲ್ಕು ವರ್ಷದಲ್ಲಿ ಅದು ತಡೆದದ್ದು ನೂರಕ್ಕೆ 36 ಪ್ರಕರಣಗಳನ್ನು. ಅದೂ ಸಾವಿರಾರು ಜೀವ ಉಳಿಸುವ ಸಂಖ್ಯೆಯೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅದನ್ನು ಶಿಫಾರಸು ಮಾಡಿತು. 2023ರಲ್ಲಿ ನಮ್ಮ ಪುಣೆಯಲ್ಲಿ ತಯಾರಾಗುವ ಆರ್21 ಲಸಿಕೆಯನ್ನೂ ಮಾಡಿತು. ಉಳಿದ 64 ಏಕೆ ತಪ್ಪಿಸಿಕೊಂಡವು? ಅಮೆರಿಕದಲ್ಲಿ ಮಲೇರಿಯಾವನ್ನೇ ಕಾಣದ ವಯಸ್ಕ ಸ್ವಯಂಸೇವಕರಿಗೆ ಆರ್.ಟಿ.ಎಸ್.,ಎಸ್. ಲಸಿಕೆಯನ್ನು ಎರಡು ಕ್ರಮದಲ್ಲಿ ಕೊಟ್ಟು, ರೋಗಾಣು ಇರುವ ಸೊಳ್ಳೆಗಳಿಂದ ಕಚ್ಚಿಸಿ, ಜೀನುಗಳ ಅಭಿವ್ಯಕ್ತಿಯನ್ನು ಓದಿದರು. 2017ರಲ್ಲಿ ಪ್ರಕಟವಾದ ಆ ಫಲಿತಾಂಶದಂತೆ ಎರಡು ಗುಂಪಿನಲ್ಲೂ ಸುಮಾರು ಅರ್ಧದಷ್ಟು ಜನಕ್ಕೆ ರಕ್ಷಣೆ ಸಿಕ್ಕಿತು; ಆದರೆ ಒಂದರಲ್ಲಿ ಪ್ರತಿಕಾಯಗಳ ದಾರಿಯಿಂದ, ಇನ್ನೊಂದರಲ್ಲಿ ಟಿ ಕಣಗಳ ದಾರಿಯಿಂದ. ಒಂದೇ ಊರಿಗೆ ಎರಡು ದಾರಿ ಇವೆ ಎಂಬುದು ಗೊತ್ತಾಗಿದ್ದು ಈ "ವಿನೋದ"ದಿಂದಲೇ. ಆದರೆ ಅಮೆರಿಕದ ವಯಸ್ಕನ ದಾರಿ, ತಾಯಿಯಿಂದ ಪ್ರತಿಕಾಯ ಪಡೆದು, ಹಾಲು ಕುಡಿಯುವಾಗಲೇ ಸೊಳ್ಳೆ ಕಚ್ಚಿಸಿಕೊಂಡ ಆಫ್ರಿಕದ ಕೂಸಿಗೂ ದಾರಿಯಾದೀತೆ? ಆ ಕೂಸಿನ ರಕ್ತವನ್ನೇ ಕೇಳಬೇಕು. 2023ರಲ್ಲಿ ಪ್ರಪಂಚದಲ್ಲಿ ಮಲೇರಿಯಾದಿಂದ ಸತ್ತವರು 5,97,000 ಎಂದು ಅಂದಾಜು. ಅವರಲ್ಲಿ ಹೆಚ್ಚಿನವರು ಆಫ್ರಿಕದ ಐದು ವರ್ಷದೊಳಗಿನ ಮಕ್ಕಳು.

ನಮ್ಮ ಪಾಲಿನ ಕೆಲಸ ಬೇರೆಯೇ ಇದೆ. ಮೇಲೆ ಹೇಳಿದ್ದೆಲ್ಲ ಫಾಲ್ಸಿಪಾರಮ್ ಕಥೆ. ನಮ್ಮ ಮಂಗಳೂರಿನಲ್ಲಿ ಬಹುಪಾಲು ವೈವಾಕ್ಸ್. ಅದು ಯಕೃತ್ತಿನಲ್ಲಿ ತಿಂಗಳುಗಟ್ಟಲೆ ಮಲಗಿದ್ದು ಮತ್ತೆ ಎದ್ದು ಬರುವ ಜಾತಿ. ಪ್ರಯೋಗಾಲಯದಲ್ಲಿ ಅದನ್ನು ನಿರಂತರವಾಗಿ ಸಾಕಲು ಬರುವುದಿಲ್ಲ. ರೋಗಿಯ ರಕ್ತದಿಂದಲೇ ತಿಳಿಯಬೇಕು. ಅಂದರೆ ಬಾಸ್ಟನ್ನಿನಲ್ಲಿ ಕುಳಿತವನಿಗೆ ಇಲ್ಲದ ಅನುಕೂಲ ನಮ್ಮ ಕರಾವಳಿಯ ವೈದ್ಯನಿಗೆ ಇದೆ. ಹಣವಿಲ್ಲ, ಯಂತ್ರವಿಲ್ಲ ಎಂಬ ನೆಪ ಈಗ ನಡೆಯದು. ಕೋವಿಡ್ ಬಂದಾಗ 2020ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ವೈರಾಣುವಿನ ಲಿಪಿ ಓದುವ ಪ್ರಯೋಗಾಲಯಗಳ ಕೂಟವನ್ನು ಕಟ್ಟಿತು. ಬೆಂಗಳೂರಿನ ಸಂಸ್ಥೆಗಳೂ ಅದರಲ್ಲಿದ್ದವು. ಆ ಯಂತ್ರಗಳು ಆರ್.ಎನ್.ಎ.ಯನ್ನೂ ಓದುತ್ತವೆ. ಪೋಲಿಯೊ ಲಸಿಕೆಯನ್ನು ಹೆಪ್ಪುಗಟ್ಟಿಸಿ ಇಡುವ ಪೆಟ್ಟಿಗೆಗಳು ಜಿಲ್ಲೆ ಜಿಲ್ಲೆಯಲ್ಲಿವೆ. ಇಲ್ಲದಿರುವುದು ಒಂದೇ: ಏಪ್ರಿಲಿನ ಬಿಸಿಲಿನಲ್ಲಿ, ಮಳೆಗೆ ಎರಡು ತಿಂಗಳು ಮುಂಚೆ, ಕಟ್ಟಡದ ಕೂಲಿಗಳ ಜೋಪಡಿಗೆ ದಫ್ತರ ಹಿಡಿದು ಹೋಗಿ, ಜ್ವರವಿಲ್ಲದ ಮಕ್ಕಳ ಹೆಸರು ಬರೆದುಕೊಂಡು, ಮಳೆಗಾಲವಿಡೀ ಹದಿನೈದು ದಿನಕ್ಕೊಮ್ಮೆ ಅದೇ ಬಾಗಿಲು ತಟ್ಟುವ ಜನ. ಅವರ ಸಂಬಳಕ್ಕೆ ಅರ್ಜಿ ಹಾಕಿದವರ ಹೆಸರನ್ನು ನಾನು ಯಾವ ಪತ್ರಿಕೆಯ ತಲೆಬರಹದಲ್ಲೂ ಕಂಡಿಲ್ಲ.